ಸುಡು ಬಿಸಿಲಿನ ದ್ವೀಪದ ಬಿಳಿ ವೈನ್ ಹತ್ತು ವರ್ಷ ಬಾಳುತ್ತಾ?

ಪ್ರಶ್ನೆ: 2019ರಲ್ಲಿ ನಾವಿಬ್ಬರೂ ಗ್ರೀಸ್‌ಗೆ ಹೋಗಿದ್ದಾಗ ಸ್ಯಾಂಟೊರಿನಿ ದ್ವೀಪದಿಂದ ಎರಡು ಬಾಟಲಿ ತಂದೆವು. ದೊಡ್ಡದು 2017ರ ಅಸೀರ್ಟಿಕೊ ಬಿಳಿ ವೈನ್, ಚಿಕ್ಕದು ವಿನ್‌ಸಾಂಟೊ ಅನ್ನುವ ಸಿಹಿ ವೈನ್. ಅಂಗಡಿಯವರು 'ಹತ್ತು ವರ್ಷ ಇಟ್ಟರೂ ಏನೂ ಆಗಲ್ಲ' ಅಂದಿದ್ದರು. ಇಲ್ಲಿ ಸ್ನೇಹಿತರು ನಗುತ್ತಾರೆ. ಬಿಳಿ ವೈನ್ ಎರಡು ವರ್ಷದೊಳಗೆ ಕುಡಿದು ಮುಗಿಸಬೇಕಂತೆ, ಬಿಸಿಲಿನ ಊರಿನದಾದರೆ ಇನ್ನೂ ಬೇಗ ಕೆಡುತ್ತಂತೆ. ಎರಡೂ ಬೆಂಗಳೂರಿನ ನಮ್ಮ ಮನೆಯ ಬಟ್ಟೆ ಬೀರುವಿನಲ್ಲಿವೆ. ಇನ್ನೂ ಇಡೋಣವಾ, ತೆಗೆಯೋಣವಾ, ಚೆಲ್ಲೋಣವಾ?

ಉತ್ತರ: ಚೆಲ್ಲಬೇಡಿ. ದೊಡ್ಡ ಬಾಟಲಿಯನ್ನು ಈ ತಿಂಗಳಲ್ಲೇ ತೆಗೆಯಿರಿ. ಚಿಕ್ಕದನ್ನು ಇನ್ನೂ ಇಡಬಹುದು, ಆದರೆ ಬೀರುವಿನಲ್ಲಿ ಬೇಡ. ಅವಸರ ಇದ್ದರೆ ಇಷ್ಟು ಸಾಕು. ಅವಸರ ಇಲ್ಲದಿದ್ದರೆ ಸ್ವಲ್ಪ ಕೂತು ಓದಿ, ಯಾಕೆಂದರೆ ನೀವು ತಂದಿರೋದು ಸುಮ್ನೆ ಒಂದು ಬಾಟಲಿ ವೈನ್ ಅಲ್ಲ.

ಅಂಗಡಿಯವರು ಸುಳ್ಳು ಹೇಳಿಲ್ಲ. ನಿಮ್ಮ ಸ್ನೇಹಿತರ ಮಾತೂ ಪೂರ್ತಿ ತಪ್ಪಲ್ಲ. ಇಬ್ಬರೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟದ್ದು ನಿಮ್ಮ ಬೀರುವನ್ನು. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಸ್ನೇಹಿತರ ಮಾತು. ಅಂಗಡಿಯಲ್ಲಿ ಸಿಗುವ ಬಿಳಿ ವೈನ್‌ಗಳಲ್ಲಿ ಹೆಚ್ಚಿನವನ್ನು ತಾಜಾ ಇರುವಾಗಲೇ ಕುಡಿಯಲಿ ಅಂತ ಮಾಡಿರುತ್ತಾರೆ. ಒಂದೆರಡು ವರ್ಷ ಕಳೆದರೆ ಹಣ್ಣಿನ ಘಮ ಹೋಗಿ ಸಪ್ಪೆಯಾಗುತ್ತವೆ. ಕೆಂಪು ವೈನ್‌ಗಾದರೆ ಸಿಪ್ಪೆಯಿಂದ ಬಂದ ಒಗರು ಕಾವಲು ಕಾಯುತ್ತದೆ. ಬಿಳಿ ವೈನ್ ಮಾಡುವಾಗ ಹಣ್ಣು ಹಿಂಡಿದ ಕೂಡಲೇ ಸಿಪ್ಪೆ ತೆಗೆದುಬಿಡುತ್ತಾರೆ. ಹಾಗಾಗಿ ಅದನ್ನು ಕಾಯುವ ಕೆಲಸವೆಲ್ಲ ಹೆಚ್ಚುಕಮ್ಮಿ ಹುಳಿಯ ಮೇಲೆ ಬೀಳುತ್ತದೆ. ಬಿಸಿಲು ಏರಿದಂತೆ ಹಣ್ಣಿನಲ್ಲಿ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ನಂದಿ ಬೆಟ್ಟದ ಸುತ್ತಮುತ್ತ ವೈನ್ ದ್ರಾಕ್ಷಿ ಬೆಳೆಯುವವರನ್ನು ಕೇಳಿ. ಕೊಯ್ಲು ನಾಲ್ಕು ದಿನ ತಡವಾದರೆ ಏನಾಗುತ್ತೆ ಅಂತ ಅವರೇ ಹೇಳುತ್ತಾರೆ.

ಸ್ಯಾಂಟೊರಿನಿಯಲ್ಲಿ ಬೇಸಿಗೆಯಲ್ಲಿ ಒಂದು ಹನಿ ಮಳೆ ಬೀಳುವುದೂ ಅಪರೂಪ. ನೆರಳಿಗೆ ಒಂದು ಮರ ಹುಡುಕಬೇಕು. ಆಗಸ್ಟ್ ತಿಂಗಳಲ್ಲೇ ಕೊಯ್ಲು. ಇಂಥ ಕಡೆ ಬೆಳೆದ ದ್ರಾಕ್ಷಿ ಹುಳಿಯನ್ನು ಹೇಗೆ ಉಳಿಸಿಕೊಂಡಿತು?

ನಿಮ್ಮ ಅಡುಗೆಮನೆಯ ಹುಣಸೆಹಣ್ಣಿನ ಡಬ್ಬಿ ತೆಗೆಯಿರಿ. ಅದರಲ್ಲಿರುವ ಹುಳಿಯ ಹೆಸರು ಟಾರ್ಟಾರಿಕ್ ಆಮ್ಲ. ದ್ರಾಕ್ಷಿಯ ಮುಖ್ಯ ಹುಳಿಯೂ ಇದೇ. ಇದರ ಜೊತೆಗೆ ದ್ರಾಕ್ಷಿಯಲ್ಲಿ ಇನ್ನೊಂದು ಹುಳಿ ಇರುತ್ತದೆ, ಮ್ಯಾಲಿಕ್ ಆಮ್ಲ ಅಂತ. ಹಸಿರು ಸೇಬು ಕಚ್ಚಿದಾಗ ಹಲ್ಲು ಚುಳ್ಳೆನ್ನುತ್ತದಲ್ಲ, ಆ ಹುಳಿ. ಸೆಖೆ ಜಾಸ್ತಿಯಾದಾಗ ದ್ರಾಕ್ಷಿ ಸೇಬಿನ ಹುಳಿಯನ್ನು ಸುಟ್ಟು ಖರ್ಚು ಮಾಡಿಕೊಳ್ಳುತ್ತದೆ. ಹುಣಸೆಯ ಹುಳಿಯನ್ನು ಅಷ್ಟಾಗಿ ಮುಟ್ಟಲ್ಲ. ಹಳೇ ಹುಣಸೆ ಕಪ್ಪಾಗುತ್ತದೆ, ಆದರೆ ಸಾರಿಗೆ ಹಾಕಿದರೆ ಹುಳಿ ಹಾಗೇ ಇರುತ್ತದೆ ಅಲ್ವಾ? ಗಟ್ಟಿ ಹುಳಿ ಅದು. ಅಸೀರ್ಟಿಕೊ ತಳಿಯ ವಿಶೇಷವೇ ಈ ಗಟ್ಟಿ ಹುಳಿ. ಸಕ್ಕರೆ ಏರಿ, ಮದ್ಯದ ಅಂಶ ಶೇಕಡಾ 14 ಮುಟ್ಟಿದ ಮೇಲೂ ಅದರ ಹುಳಿ ಇಳಿಯುವುದಿಲ್ಲ. ಬೇರೆ ತಳಿಗಳಿಗೆ ಇದು ಸುಲಭವಲ್ಲ.

ತಳಿ ಒಂದರಿಂದಲೇ ಆಗುವ ಕೆಲಸವಲ್ಲ ಇದು, ಮಣ್ಣೂ ಸಹಾಯ ಮಾಡುತ್ತದೆ. ಅದನ್ನು ಮಣ್ಣು ಅನ್ನಲು ಬಾಯಿ ಬರಲ್ಲ. ಕ್ರಿಸ್ತಪೂರ್ವ 1600ರ ಆಸುಪಾಸಿನಲ್ಲಿ ಅಲ್ಲಿ ಜ್ವಾಲಾಮುಖಿ ಸಿಡಿಯಿತು. ದ್ವೀಪದ ಹೊಟ್ಟೆ ಕುಸಿದು ಸಮುದ್ರ ಒಳಗೆ ನುಗ್ಗಿತು. ಉಳಿದ ಅಂಚಿನ ಮೇಲೆ ಬೂದಿ, ಲಾವಾ, ಪ್ಯೂಮಿಸ್ ಕಲ್ಲು ರಾಶಿ ಬಿತ್ತು. ಪ್ಯೂಮಿಸ್ ಅಂದರೆ ಬಚ್ಚಲಲ್ಲಿ ಹಿಮ್ಮಡಿ ಉಜ್ಜುತ್ತೇವಲ್ಲ, ಆ ತೂತು ತೂತಿನ ಹಗುರ ಕಲ್ಲು. ನೀವು ಅಕ್ರೋತಿರಿಗೆ ಹೋಗಿದ್ದರೆ ಆ ರಾಶಿ ಎಷ್ಟು ದಪ್ಪ ಅಂತ ನೋಡಿರುತ್ತೀರಿ. ಇಡೀ ಊರು ಅದರಡಿ ಹೂತುಹೋಗಿತ್ತು. 1967ರಲ್ಲಿ ಪುರಾತತ್ವಜ್ಞ ಸ್ಪಿರಿಡಾನ್ ಮಾರಿನಾಟೋಸ್ ಅಗೆಯಲು ಶುರುಮಾಡಿದ ಮೇಲೆ ಹೊರಗೆ ಬಂತು. ಈ ರಾಶಿಗೆ ದ್ವೀಪದವರು ಅಸ್ಪಾ ಅನ್ನುತ್ತಾರೆ. ಗೊಬ್ಬರದ ಅಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಜೇಡಿಯೂ ಇಲ್ಲ. ಪೊಟ್ಯಾಸಿಯಂ ಕೂಡ ಬಹಳ ಕಡಿಮೆ.

ಈ ಪೊಟ್ಯಾಸಿಯಂ ಕೊರತೆಯೇ ವರ. ಸಾಮಾನ್ಯವಾಗಿ ಬೇರಿನಿಂದ ಹಣ್ಣಿಗೆ ಏರಿದ ಪೊಟ್ಯಾಸಿಯಂ ಟಾರ್ಟಾರಿಕ್ ಹುಳಿಯನ್ನು ಹಿಡಿದು ಹರಳು ಮಾಡಿ ತಳಕ್ಕೆ ಕೂರಿಸುತ್ತದೆ. ಇಲ್ಲಿ ಹಿಡಿಯುವವರೇ ಕಡಿಮೆ, ಹುಳಿ ವೈನ್‌ನಲ್ಲೇ ಉಳಿಯುತ್ತದೆ. ಸ್ಯಾಂಟೊರಿನಿಯ ಒಳ್ಳೆಯ ಅಸೀರ್ಟಿಕೊದ ಪಿಎಚ್ 3ರ ಆಸುಪಾಸು ಇರುತ್ತದೆ, ಕೆಲವು ಸಲ ಅದಕ್ಕಿಂತಲೂ ಕೆಳಗೆ. ಬಿಸಿ ಸೀಮೆಯ ವೈನ್‌ಗೆ ಇದು ಆಶ್ಚರ್ಯದ ಅಂಕಿ. ಪಿಎಚ್ ಇಳಿದಷ್ಟೂ ಹುಳಿ ಜೋರು ಅಂತ ಶಾಲೆಯಲ್ಲಿ ಓದಿದ್ದು ನೆನಪಿರಬಹುದು. ವೈನ್ ಕೆಡದಿರಲಿ ಅಂತ ಸ್ವಲ್ಪ ಸಲ್ಫರ್ ಡೈಆಕ್ಸೈಡ್ ಹಾಕುತ್ತಾರೆ. ಅದರಲ್ಲಿ ನಿಜಕ್ಕೂ ಕಾವಲು ಕಾಯುವ ಪಾಲು ಪಿಎಚ್ 3 ಇದ್ದಾಗ ಶೇಕಡಾ 6ರಷ್ಟು. ಪಿಎಚ್ 3.5 ಆದರೆ ಶೇಕಡಾ 2ಕ್ಕೆ ಇಳಿಯುತ್ತದೆ. ಹಾಕಿದ್ದು ಅಷ್ಟೇ, ಕಾವಲು ಮೂರು ಪಟ್ಟು. ಬಾಳಿಕೆಯ ಗುಟ್ಟಿನಲ್ಲಿ ದೊಡ್ಡ ಪಾಲು ಇದು.

ನಾನು ಮೊದಲ ಸಲ ಅಲ್ಲಿಗೆ ಹೋದಾಗ ತೋಟ ಎಲ್ಲಿದೆ ಅಂತಲೇ ತಿಳಿಯಲಿಲ್ಲ. ನಮಗೆ ದ್ರಾಕ್ಷಿ ತೋಟ ಅಂದರೆ ಕಲ್ಲು ಕಂಬ, ತಂತಿ, ತಲೆಯ ಮೇಲೆ ಚಪ್ಪರ. ಪಿರ್ಗೋಸ್ ಊರಿನ ಕೆಳಗೆ ನಿಂತು ನೋಡಿದರೆ ಬೂದುಬಣ್ಣದ ಬಯಲು, ಅದರ ಮೇಲೆ ಅಲ್ಲಲ್ಲಿ ಹಸಿರು ಗುಪ್ಪೆ. ಹತ್ತಿರ ಹೋಗಿ ಮಂಡಿಯೂರಿದರೆ ಒಂದೊಂದು ಗುಪ್ಪೆಯೂ ಒಂದೊಂದು ಬಳ್ಳಿ. ಕೊಡ ಹೊರುವವರು ತಲೆಗೆ ಸಿಂಬೆ ಸುತ್ತುತ್ತಾರಲ್ಲ, ಹಾಗೆ ಬಳ್ಳಿಯ ಕಡ್ಡಿಗಳನ್ನು ಸುತ್ತಿ ಸುತ್ತಿ ನೆಲದ ಮೇಲೆ ಬುಟ್ಟಿ ಮಾಡಿದ್ದಾರೆ. ಪ್ರತಿ ಚಳಿಗಾಲದಲ್ಲಿ ಸವರುವಾಗ ಹೊಸ ಕಡ್ಡಿಯನ್ನು ಹಳೆಯ ಸುತ್ತಿನ ಮೇಲೆ ಹೆಣೆಯುತ್ತಾರೆ. ಅವರ ಮಾತಿನಲ್ಲಿ ಇದು ಕುಲೂರಾ. ಗೊಂಚಲು ಬುಟ್ಟಿಯ ಒಳಗೆ ತೂಗುತ್ತದೆ. ಕೊಯ್ಲಿನ ದಿನ ಬೆಳಕು ಹರಿಯುವ ಮೊದಲೇ ಬಂದಿದ್ದ ಹೆಂಗಸೊಬ್ಬರು ಎಲೆ ಸರಿಸಿ ಕೈ ಒಳಗೆ ತೂರಿಸಿದ ರೀತಿ ನೋಡಬೇಕಿತ್ತು. ಕಾವು ಕೂತ ಕೋಳಿಯ ಕೆಳಗಿಂದ ಮೊಟ್ಟೆ ತೆಗೆಯುವಷ್ಟು ಹುಷಾರು. ಹತ್ತು ಬಳ್ಳಿ ನಾನೂ ಕೊಯ್ದೆ. ಸೊಂಟ ಎರಡು ದಿನ ನೆಟ್ಟಗಾಗಲಿಲ್ಲ.

ಈ ಬುಟ್ಟಿ ಚೆಂದಕ್ಕೆ ಮಾಡಿದ್ದಲ್ಲ. ಬೇಸಿಗೆಯಲ್ಲಿ ಉತ್ತರದಿಂದ ಮೆಲ್ಟೆಮಿ ಅನ್ನುವ ಗಾಳಿ ಬೀಸುತ್ತದೆ. ಕಂಬ ಹಾಕಿ ಬೆಳೆಸಿದರೆ ಎಳೆ ಕುಡಿಗಳು ಉಳಿಯುವುದು ಕಷ್ಟ. ಗಾಳಿ ಎತ್ತಿ ತರುವ ಮರಳು ಹಣ್ಣನ್ನು ಗೀಚಿಹಾಕುತ್ತದೆ. ಬುಟ್ಟಿಯೊಳಗೆ ಗಾಳಿಯೂ ತಾಕಲ್ಲ, ನೆತ್ತಿಯ ಬಿಸಿಲೂ ನೇರವಾಗಿ ಬೀಳಲ್ಲ. ರಾತ್ರಿ ಸಮುದ್ರದಿಂದ ಬರುವ ತೇವವನ್ನು ಪ್ಯೂಮಿಸ್ ಕಲ್ಲು ಹೀರಿ ಇಟ್ಟುಕೊಳ್ಳುತ್ತದೆ. ಬಳ್ಳಿಗೆ ಬೇಸಿಗೆಯಲ್ಲಿ ಸಿಗುವ ನೀರು ಬಹುಮಟ್ಟಿಗೆ ಅಷ್ಟೇ. ಒಂದು ಕಲ್ಲು ಎತ್ತಿ ಕೆನ್ನೆಗೆ ಇಟ್ಟುಕೊಂಡಿದ್ದೆ. ಬೆಳಗಿನ ಆರಕ್ಕೆ ಅದು ತಣ್ಣಗಿತ್ತು, ಸ್ವಲ್ಪ ಪಸೆ ಇತ್ತು. ಹತ್ತಕ್ಕೆ ಕೈಯಲ್ಲಿ ಹಿಡಿಯಲು ಆಗಲಿಲ್ಲ.

ಹತ್ತೊಂಬತ್ತನೇ ಶತಮಾನದಲ್ಲಿ ಫೈಲಾಕ್ಸೆರಾ ಅನ್ನುವ ಹೇನು ಯುರೋಪಿನ ಹೆಚ್ಚಿನ ದ್ರಾಕ್ಷಿ ತೋಟಗಳನ್ನು ಬೇರು ತಿಂದು ಹಾಳುಮಾಡಿತು. ಅಂದಿನಿಂದ ಹೆಚ್ಚಿನ ಕಡೆ ಅಮೆರಿಕದ ಬೇರಿನ ಮೇಲೆ ಕಸಿ ಕಟ್ಟಿಯೇ ದ್ರಾಕ್ಷಿ ಬೆಳೆಸುವುದು. ಜೇಡಿಯಿಲ್ಲದ ಈ ಬೂದಿಯಲ್ಲಿ ಆ ಹೇನು ಬದುಕಲಿಲ್ಲ. ಹಾಗಾಗಿ ಸ್ಯಾಂಟೊರಿನಿಯ ಬಳ್ಳಿಗಳು ತಮ್ಮದೇ ಬೇರಿನ ಮೇಲೆ ನಿಂತಿವೆ. ಬುಟ್ಟಿ ತೀರಾ ಹಳೆಯದಾಗಿ ಹಣ್ಣು ಕಮ್ಮಿಯಾದಾಗ, ಎಪ್ಪತ್ತೈದು ಎಂಬತ್ತು ವರ್ಷಕ್ಕೊಮ್ಮೆ, ಬುಡಕ್ಕೆ ಕತ್ತರಿಸುತ್ತಾರೆ. ಅದೇ ಬೇರಿನಿಂದ ಹೊಸ ಚಿಗುರು ಬರುತ್ತದೆ. ಮೇಲಿನ ಬಳ್ಳಿಗೆ ಐವತ್ತು ವರ್ಷ ಇದ್ದರೆ ಕೆಳಗಿನ ಬೇರಿಗೆ ನೂರಾರು ವರ್ಷ ಇರಬಹುದು. ಇಂಥ ಬಳ್ಳಿ ಕೊಡುವ ಹಣ್ಣು ಬಹಳ ಕಡಿಮೆ, ಆದರೆ ರಸ ಮಂದ. ಅಸೀರ್ಟಿಕೊ ಬಿಳಿ ದ್ರಾಕ್ಷಿಯಾದರೂ ಸ್ವಲ್ಪ ಒಗರೂ ಇದೆ. ಹುಳಿ, ಮಂದ ರಸ, ಚಿಟಿಕೆ ಒಗರು. ಅಂಗಡಿಯವರು ಹತ್ತು ವರ್ಷ ಅಂದದ್ದು ಇವನ್ನು ನಂಬಿಕೊಂಡು.

ಬಾಟಲಿ ದುಬಾರಿ ಅನ್ನಿಸಿತ್ತಾ? ಈಗ ಇನ್ನೂ ದುಬಾರಿ. ಬೂದಿ ನೆಲದಲ್ಲಿ ಹೋಟೆಲ್ ಕಟ್ಟಿದರೆ ಬರುವ ದುಡ್ಡು ದ್ರಾಕ್ಷಿಯಿಂದ ಬರಲ್ಲ. ತೋಟ ಕರಗುತ್ತಿದೆ, ಬುಟ್ಟಿ ಹೆಣೆಯಲು ಬಲ್ಲವರು ಮುದುಕರಾಗುತ್ತಿದ್ದಾರೆ. ಅದರ ಮೇಲೆ 2023 ಮತ್ತು 2024ರಲ್ಲಿ ಬರ, ಬಿಸಿಗಾಳಿ ಸೇರಿ ಬೆಳೆ ನೆಲಕಚ್ಚಿತು. ನಿಮ್ಮ 2017ರ ಬಾಟಲಿಯನ್ನು ನಾನು ಇಷ್ಟು ಮುದ್ದು ಮಾಡುತ್ತಿರುವುದಕ್ಕೆ ಅದೂ ಒಂದು ಕಾರಣ.

ಮೆಡಿಟರೇನಿಯನ್ ಕರಾವಳಿಯ ಬಿಳಿ ವೈನ್‌ಗಳೆಲ್ಲ ಹೀಗೆ ಬಾಳುತ್ತವೆ ಅಂತ ತಿಳಿಯಬೇಡಿ. ಸಾರ್ಡಿನಿಯಾದ ವರ್ಮೆಂಟಿನೊದಲ್ಲಿ ಹೆಚ್ಚಿನದು ಬೇಗ ಕುಡಿಯುವಂಥದ್ದು, ಅದರ ಸೊಗಸೂ ಅದೇ. ಬಾಳುವವು ಇನ್ನೂ ಕೆಲವು ಇವೆ. ಫ್ರಾನ್ಸ್‌ನ ಪ್ರೊವಾನ್ಸ್‌ನಲ್ಲಿ, ಎಕ್ಸ್-ಆನ್-ಪ್ರೊವಾನ್ಸ್ ನಗರದ ಪಕ್ಕ, ಶಾಟೊ ಸಿಮೋನ್ ಅಂತ ಒಂದು ಹಳೇ ತೋಟ ಇದೆ. ಅವರ ಇಳಿಜಾರು ಉತ್ತರಕ್ಕೆ ಮುಖ ಮಾಡಿದೆ, ನೆಲ ಸುಣ್ಣಕಲ್ಲಿನದು. ಬಿಸಿಲಿನ ಸೀಮೆಯಲ್ಲಿ ಬಿಸಿಲಿಗೆ ಬೆನ್ನು ಹಾಕಿ ಕೂತಿದ್ದಾರೆ. ಅಲ್ಲಿನ ಬಿಳಿ ವೈನ್ ಇಪ್ಪತ್ತು ವರ್ಷ ದಾಟುವುದು ದೊಡ್ಡ ವಿಷಯವಲ್ಲ. ಇಟಲಿಯ ಏಡ್ರಿಯಾಟಿಕ್ ಕಡೆಯ ವರ್ಡಿಕ್ಕಿಯೊ ಕೂಡ ಒಳ್ಳೆಯ ಕೈಯಲ್ಲಿ ಹತ್ತು ವರ್ಷ ಆರಾಮಾಗಿ ನಿಲ್ಲುತ್ತದೆ. ಎಲ್ಲ ಕಡೆಯೂ ಬಿಸಿಲು ಹಣ್ಣಿಗೆ ಮೈ ಕೊಡುತ್ತದೆ, ಹುಳಿ ಉಳಿಸಲು ಇನ್ನೊಂದು ಏನಾದರೂ ಬೇಕು. ಒಂದು ಕಡೆ ಅದು ಗಾಳಿ, ಒಂದು ಕಡೆ ಇಳಿಜಾರು, ಸ್ಯಾಂಟೊರಿನಿಯಲ್ಲಿ ಬೂದಿ.

ವರ್ಷ ಕಳೆದಂತೆ ಅಸೀರ್ಟಿಕೊ ಒಳಗೆ ಏನಾಗುತ್ತದೆ? ಮೊದಲ ಒಂದೆರಡು ವರ್ಷ ಅದು ಬಾಯಿ ಬಿಡದ ಮಗು. ನಿಂಬೆಸಿಪ್ಪೆ, ಮಳೆ ಬಿದ್ದ ಕಲ್ಲಿನ ವಾಸನೆ, ನಾಲಿಗೆ ತುದಿಯಲ್ಲಿ ಉಪ್ಪು. ಕೆಲವರಿಗೆ ಇಷ್ಟೇ ಸಾಕು, ಹುರಿದ ಮೀನಿಗೆ ಚೆನ್ನಾಗಿಯೇ ಇರುತ್ತದೆ. ನಾಲ್ಕೈದು ವರ್ಷಕ್ಕೆ ಹುಳಿಯ ಮೊನೆ ಸ್ವಲ್ಪ ಮೊಂಡಾಗುತ್ತದೆ. ಜೇನುಮೇಣ, ಒಣಗಿದ ಜರ್ದಾಳು ಹಣ್ಣಿನ ಘಮ ಬರುತ್ತದೆ. ಎಂಟು ಹತ್ತಕ್ಕೆ ಹುರಿದ ಬಾದಾಮಿ, ಸಣ್ಣ ಹೊಗೆ. ಬಣ್ಣ ಹುಲ್ಲಿನ ಹಳದಿಯಿಂದ ಬಂಗಾರಕ್ಕೆ ತಿರುಗುತ್ತದೆ. ಹುಳಿ ಮಾತ್ರ ಹೋಗಿರಲ್ಲ, ಅದು ಇಡೀ ವೈನನ್ನು ಎತ್ತಿ ಹಿಡಿದಿರುತ್ತದೆ. ನನ್ನ ಕೇಳಿದರೆ ಆರರಿಂದ ಹತ್ತು ವರ್ಷದ ನಡುವಿನದೇ ರುಚಿ.

ಇದೆಲ್ಲ ತಂಪಾದ ನೆಲಮಾಳಿಗೆಯ ಲೆಕ್ಕ. ಈಗ ಬೀರುವಿನ ವಿಷಯ.

ವೈನ್‌ಗೆ ಹಿತವಾದದ್ದು 12ರಿಂದ 14 ಡಿಗ್ರಿ, ಅದೂ ಏರಿಳಿತ ಇಲ್ಲದೆ. ಬಾಟಲಿಯೊಳಗಿನ ರಾಸಾಯನಿಕ ಕ್ರಿಯೆಗಳು ಹತ್ತು ಡಿಗ್ರಿ ಏರಿದರೆ ಹೆಚ್ಚುಕಮ್ಮಿ ಎರಡು ಪಟ್ಟು ವೇಗ ಆಗುತ್ತವೆ. ಬೆಂಗಳೂರು ತಂಪು ಊರು ಅಂತ ನಾವು ಹೆಮ್ಮೆ ಪಡುತ್ತೇವೆ, ಆದರೆ ವರ್ಷದ ಸರಾಸರಿ 24 ಡಿಗ್ರಿಯ ಹತ್ತಿರ ಇದೆ. ಏಪ್ರಿಲ್ ಮಧ್ಯಾಹ್ನ ಮುಚ್ಚಿದ ಬೀರುವಿನೊಳಗೆ 30 ಮುಟ್ಟಿದರೂ ಆಶ್ಚರ್ಯವಿಲ್ಲ. ಒರಟು ಲೆಕ್ಕದಲ್ಲಿ ನಿಮ್ಮ ಬೀರುವಿನ ಒಂದು ವರ್ಷ ನೆಲಮಾಳಿಗೆಯ ಎರಡು ವರ್ಷಕ್ಕೆ ಸಮ. ನಿಮ್ಮ ಬಾಟಲಿಗೆ ಹುಟ್ಟಿದ ತಾರೀಖಿನ ಪ್ರಕಾರ ಎಂಟು ದಾಟಿದೆ. ಮೈ ನೋಡಿದರೆ ಹದಿನಾಲ್ಕು ಹದಿನೈದು. ಅದಕ್ಕೇ ಈ ತಿಂಗಳೇ ತೆಗೆಯಿರಿ ಅಂದದ್ದು.

ಈ ಪಾಠ ನಾನು ಕಲಿತದ್ದು ದುಡ್ಡು ಕಳೆದುಕೊಂಡು. ಒಂದು ಸಲ ಗೆಳೆಯನೂ ನಾನೂ ಅಲ್ಲಿಂದ ನಾಲ್ಕು ಬಾಟಲಿ ತಂದೆವು. ಸುಂಕ ಕಟ್ಟದೆ ತರಲು ಒಬ್ಬರಿಗೆ ಎರಡು ಲೀಟರ್ ಮಿತಿ ಅಲ್ವಾ, ತಲಾ ಎರಡು. ಒಂದೇ ತೋಟದ್ದು, ಒಂದೇ ವರ್ಷದ್ದು. ನನ್ನವನ್ನು ಅಡುಗೆಮನೆಯ ಅಟ್ಟದಲ್ಲಿ ಹಳೇ ಪೇಪರ್ ಸುತ್ತಿ ಇಟ್ಟೆ. ಕೆಳಗೆ ಒಲೆ ಉರಿಯುತ್ತೆ ಅನ್ನುವುದು ತಲೆಗೆ ಹೊಳೆಯಲಿಲ್ಲ. ಅವನ ಮನೆಯಲ್ಲಿ ವೈನ್ ಇಡುವ ಚಿಕ್ಕ ಫ್ರಿಜ್ ಇತ್ತು. ನಾಲ್ಕು ವರ್ಷ ಆದಮೇಲೆ ಎರಡೂ ಮನೆಯ ಒಂದೊಂದು ಬಾಟಲಿ ಅಕ್ಕಪಕ್ಕ ಇಟ್ಟು ತೆಗೆದೆವು. ಅವನದು ತಿಳಿ ಬಂಗಾರ. ನನ್ನದು ಹಾಲು ಹಾಕದ ಟೀ. ಮೂಗಿಗೆ ಹಿಡಿದರೆ ಕತ್ತರಿಸಿಟ್ಟು ಮರೆತ ಸೇಬಿನ ವಾಸನೆ. ಅವನು ಏನೂ ಹೇಳದೆ ನನ್ನ ಗ್ಲಾಸಿಗೆ ತನ್ನದನ್ನು ಬಗ್ಗಿಸಿದ. ಇಂಥ ಮರ್ಯಾದೆ ಯಾರಿಗೂ ಬೇಡ.

ಸ್ಯಾಂಟೊರಿನಿಯಲ್ಲಿ ಗಾಯಾ ಅನ್ನುವ ವೈನರಿಯವರು ಒಂದಷ್ಟು ಬಾಟಲಿಗಳನ್ನು ಪಂಜರದಲ್ಲಿಟ್ಟು ಸಮುದ್ರದ ತಳಕ್ಕೇ ಇಳಿಸಿ, ವರ್ಷಗಟ್ಟಲೆ ಬಿಟ್ಟು ತೆಗೆಯುತ್ತಾರೆ. ಪ್ರಚಾರದ ಗಿಮಿಕ್ ಅಂತ ನಕ್ಕವರಲ್ಲಿ ನಾನೂ ಇದ್ದೆ. ಆದರೆ ಯೋಚಿಸಿದರೆ ಅಲ್ಲಿ ಕತ್ತಲು, ತಂಪು, ಹೊರಗಿಂದ ಗಾಳಿ ಸುಳಿಯಲ್ಲ. ನಮ್ಮ ಅಟ್ಟಕ್ಕಿಂತ ಎಷ್ಟೋ ವಾಸಿ.

ಈಗ ತೆಗೆಯುವ ಕೆಲಸ. ಬಾಟಲಿಯನ್ನು ಹಿಂದಿನ ದಿನವೇ ಫ್ರಿಜ್‌ನಲ್ಲಿ ನೆಟ್ಟಗೆ ನಿಲ್ಲಿಸಿ. ಬೆಳಕಿಗೆ ಹಿಡಿದು ವೈನ್‌ನ ಮಟ್ಟ ನೋಡಿ. ಕತ್ತಿನವರೆಗೆ ಇದ್ದರೆ ಒಳ್ಳೆಯ ಲಕ್ಷಣ. ಭುಜಕ್ಕಿಂತ ಕೆಳಗೆ ಇಳಿದಿದ್ದರೆ ಬಿರಡೆ ಗಾಳಿ ಬಿಟ್ಟಿದೆ. ಬಿರಡೆ ಮೇಲೆದ್ದಿದ್ದರೆ, ಸುತ್ತ ಅಂಟಂಟು ಇದ್ದರೆ, ಯಾವುದೋ ಬೇಸಿಗೆಯಲ್ಲಿ ವೈನ್ ಉಬ್ಬಿ ಹೊರಬಂದಿದೆ ಅಂತ ಅರ್ಥ. ತಳದಲ್ಲಿ ಸಕ್ಕರೆ ಹರಳಿನಂಥದ್ದು ಕಂಡರೆ ಹೆದರಬೇಡಿ. ಆಗಲೇ ಹೇಳಿದ ಟಾರ್ಟಾರಿಕ್ ಹುಳಿಯೇ ಪೊಟ್ಯಾಸಿಯಂ ಜೊತೆ ಹರಳುಗಟ್ಟಿ ಕೂತಿರುತ್ತದೆ. ಕುಡಿದರೂ ಏನೂ ಆಗಲ್ಲ, ಬಗ್ಗಿಸುವಾಗ ಕೊನೆಯ ಗುಟುಕು ಬಿಟ್ಟುಬಿಡಿ.

ಹಳೇ ಬಿರಡೆ ಪುಡಿಯಾಗುತ್ತದೆ, ನಿಧಾನಕ್ಕೆ ಎಳೆಯಿರಿ. ಫ್ರಿಜ್‌ನಿಂದ ತೆಗೆದು ಇಪ್ಪತ್ತು ನಿಮಿಷ ಹೊರಗಿಡಿ. ಐಸ್ ಥರ ತಣ್ಣಗಿದ್ದರೆ ಘಮವೇ ಗೊತ್ತಾಗಲ್ಲ, 11–12 ಡಿಗ್ರಿ ಸಾಕು. ಅಗಲ ಬಾಯಿಯ ಗ್ಲಾಸಿಗೆ ಸ್ವಲ್ಪ ಹಾಕಿ ಬಿಳಿ ಹಾಳೆಯ ಮುಂದೆ ಹಿಡಿಯಿರಿ. ಬಂಗಾರದ ಬಣ್ಣ ಇದ್ದರೆ ಸರಿ. ಕಂದು ಬಣ್ಣ ಬಂದಿದ್ದು, ವಿನೆಗರ್ ಅಥವಾ ಉಗುರುಬಣ್ಣದ ವಾಸನೆ ಹೊಡೆದರೆ ಮುಗಿಯಿತು. ಇವೆರಡರ ನಡುವೆ ಇದ್ದರೆ ಅವಸರಪಡಬೇಡಿ. ಈ ವೈನ್ ಮೊದಲ ಹತ್ತು ನಿಮಿಷ ಮುಖ ಸಿಂಡರಿಸಿಕೊಂಡೇ ಇರುತ್ತದೆ. ಅರ್ಧ ಗಂಟೆ ಬಿಟ್ಟು ಮತ್ತೆ ಮೂಸಿ.

ಜೊತೆಗೆ ಏನು? ದ್ವೀಪದವರು ಫಾವಾ ಅಂತ ಹಳದಿ ಬೇಳೆಯನ್ನು ಬೇಯಿಸಿ ಅರೆದು, ಮೇಲೆ ಈರುಳ್ಳಿ, ಆಲಿವ್ ಎಣ್ಣೆ ಹಾಕುತ್ತಾರೆ. ನಮ್ಮ ಗಟ್ಟಿ ತೊವ್ವೆಗೆ ಹತ್ತಿರದ ನೆಂಟ. ಮನೆಯಲ್ಲಿ ಕಾಣೆ ಮೀನು ರವೆ ಹಚ್ಚಿ ಕರಿದರೆ ಸೈ, ಖಾರ ಮಾತ್ರ ಕಮ್ಮಿ ಇರಲಿ. ಖಾರದ ಎದುರು ಹಳೇ ವೈನ್ ನಿಲ್ಲಲ್ಲ. ಮೀನು ತಿನ್ನದವರಾದರೆ ನಗಬೇಡಿ, ಬೆಣ್ಣೆ ದೋಸೆ. ಹುಳಿ ಬೆಣ್ಣೆಯ ಜಿಡ್ಡನ್ನು ಕತ್ತರಿಸುತ್ತದೆ. ಚಟ್ನಿ ಬೇರೆ ದಿನಕ್ಕಿರಲಿ.

ಇನ್ನು ಚಿಕ್ಕ ಬಾಟಲಿ. ವಿನ್‌ಸಾಂಟೊದ ಕಥೆಯೇ ಬೇರೆ. ಕೊಯ್ದ ದ್ರಾಕ್ಷಿಯನ್ನು ಎರಡು ವಾರದ ಹತ್ತಿರ ಬಿಸಿಲಲ್ಲಿ ಹರವಿ ಒಣಗಿಸುತ್ತಾರೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಅಸೀರ್ಟಿಕೊ ಇರಲೇಬೇಕು, ಜೊತೆಗೆ ಐಡಾನಿ, ಅಥಿರಿ ದ್ರಾಕ್ಷಿ. ಆಮೇಲೆ ಕನಿಷ್ಠ ಎರಡು ವರ್ಷ ಮರದ ಪೀಪಾಯಿಯಲ್ಲಿ. 1903ರಿಂದ ವೈನ್ ಮಾಡುತ್ತಿರುವ ಆರ್ಗಿರೋಸ್ ಮನೆತನದವರು ಇಪ್ಪತ್ತು ವರ್ಷ ಪೀಪಾಯಿಯಲ್ಲೇ ಇಟ್ಟದ್ದನ್ನೂ ಮಾರುತ್ತಾರೆ. ಹಿಂದೆ ಇದೇ ವೈನ್ ಹಡಗಿನಲ್ಲಿ ರಷ್ಯಾಕ್ಕೆ ಹೋಗಿ ಅಲ್ಲಿನ ಚರ್ಚುಗಳಲ್ಲಿ ಪ್ರಸಾದಕ್ಕೆ ಬಳಕೆಯಾಗುತ್ತಿತ್ತು. ಗ್ಲಾಸಿಗೆ ಹಾಕಿದರೆ ಜೋನಿ ಬೆಲ್ಲದ ಬಣ್ಣ. ಒಣದ್ರಾಕ್ಷಿ, ಅಂಜೂರ, ಕಾಫಿಯ ಘಮ. ಅಷ್ಟು ಸಿಹಿ ಇದ್ದರೂ ಮುಖಕ್ಕೆ ಹೊಡೆಯಲ್ಲ, ಕೆಳಗೆ ಹುಣಸೆಯ ಹುಳಿ ಇದೆಯಲ್ಲ. ಪೀಪಾಯಿಯಲ್ಲೇ ಗಾಳಿ ಕಂಡು ಬಂದ ವೈನ್ ಇದು. ಸಕ್ಕರೆ, ಹುಳಿ ಎರಡೂ ಜೋರು. ಹಾಗಾಗಿ ಬೀರುವಿನ ಸೆಖೆ ಇದನ್ನು ಅಷ್ಟು ಬೇಗ ಬಗ್ಗಿಸಲ್ಲ.

ಇದನ್ನು ಇವತ್ತೇ ಫ್ರಿಜ್‌ನ ತರಕಾರಿ ಡ್ರಾಯರ್‌ಗೆ ವರ್ಗ ಮಾಡಿ, ಪೇಪರ್ ಸುತ್ತಿ, ಅಡ್ಡ ಮಲಗಿಸಿ. ಎಷ್ಟು ದಿನ ಇಡಬೇಕು ಅನ್ನುವುದನ್ನು ದೊಡ್ಡ ಬಾಟಲಿ ತೆಗೆದ ಮೇಲೆ ತೀರ್ಮಾನಿಸಿ. ಎರಡೂ ಇಷ್ಟು ವರ್ಷ ಒಂದೇ ಬೀರುವಿನಲ್ಲಿ ಮಲಗಿದ್ದವಲ್ಲ. ದೊಡ್ಡದರ ಬಿರಡೆ ಬಿಗಿಯಾಗಿದ್ದು ಬಣ್ಣ ಚೆನ್ನಾಗಿದ್ದರೆ, ವಿನ್‌ಸಾಂಟೊ ಇನ್ನೂ ಹತ್ತು ವರ್ಷ ನಿಲ್ಲುತ್ತದೆ. ದೊಡ್ಡದರ ಬಿರಡೆ ಸೋರಿದ್ದರೆ, ಚಿಕ್ಕದನ್ನು ಬರುವ ದೀಪಾವಳಿಗೇ ತೆಗೆದುಬಿಡಿ. ಅದಕ್ಕೆ ಒಂದು ತುಂಡು ಬಾದಾಮಿ ಬರ್ಫಿ ಸಾಕು.